ಒಳ್ಳೆಯ ಊಟ ಮಾಡಿ, ಆದರೆ ಮೊದಲು ಪರೀಕ್ಷೆ ಮಾಡಿಸಿ

ಮಗುವಿಗಾಗಿ ಕಾಯುತ್ತಿರುವ ನನ್ನ ಪ್ರೀತಿಯ ತಮ್ಮಂದಿರಿಗೆ,



ಆಹಾರ, ಆರೋಗ್ಯದ ಬಗ್ಗೆ ಬರೆಯುವವಳು ನಾನು. ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಎಂದೂ ನಿಂತಿಲ್ಲ. "ನಮ್ಮ ಯಜಮಾನರಿಗೆ ಕೌಂಟ್ ಕಮ್ಮಿ ಇದೆಯಂತೆ. ಏನು ತಿನ್ನಿಸಿದರೆ ಹೆಚ್ಚಾಗುತ್ತೆ?" ಹೀಗೆ ಕೇಳುವವರು ಬಹುಪಾಲು ಹೆಂಡತಿಯರು, ಕೆಲವೊಮ್ಮೆ ಅತ್ತೆಯಂದಿರು. ಗಂಡಸರೇ ಕೇಳುವುದು ತೀರಾ ಅಪರೂಪ. ಇನ್ನೂ ಎಷ್ಟೋ ಮನೆಗಳಲ್ಲಿ ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಎಷ್ಟಿದೆ ಎಂದು ನೋಡಿಯೇ ಇರುವುದಿಲ್ಲ, ಆಗಲೇ ಡಬ್ಬಿಗಟ್ಟಲೆ ಪುಡಿ, ಲೇಹ್ಯ ಬಂದು ಕೂತಿರುತ್ತದೆ. ಅದಕ್ಕೇ ಈ ಸಲ ನಡುವೆ ಯಾರೂ ಬೇಡವೆಂದು ನಿಮಗೇ ಬರೆಯುತ್ತಿದ್ದೇನೆ.

ಮದುವೆಯಾಗಿ ಆರು ತಿಂಗಳು ಕಳೆಯುವುದೇ ತಡ, "ಏನಾದರೂ ವಿಶೇಷ ಇದೆಯಾ?" ಎಂದು ಕೇಳುವ ಊರು ನಮ್ಮದು. ಆ ಪ್ರಶ್ನೆ ಹೋಗಿ ನಿಲ್ಲುವುದು ಹೆಣ್ಣಿನ ಮುಂದೆ. ಸ್ಕ್ಯಾನಿಂಗ್ ಅವಳಿಗೆ, ರಕ್ತ ಪರೀಕ್ಷೆ ಅವಳಿಗೆ, ತಿಂಗಳುಗಟ್ಟಲೆ ಮಾತ್ರೆ ಅವಳಿಗೆ, ಹರಕೆ, ಉಪವಾಸವೂ ಅವಳಿಗೇ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ ಎಂಬುದು ವೈದ್ಯಲೋಕಕ್ಕೆ ಬಹಳ ಹಿಂದೆಯೇ ಗೊತ್ತಾದ ಸಂಗತಿ. ಕೆಲವರಲ್ಲಿ ಅದೊಂದೇ ಕಾರಣ, ಮತ್ತೆ ಕೆಲವರಲ್ಲಿ ಇಬ್ಬರದೂ ಸೇರಿರುತ್ತದೆ. ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ಜಗತ್ತಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಈ ತೊಂದರೆ ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿದೆ.

ನಾನು ಹೇಳಬೇಕಾದ್ದು ಇಷ್ಟು. ಒಳ್ಳೆಯ ಊಟದಿಂದ ವೀರ್ಯದ ಆರೋಗ್ಯಕ್ಕೆ ನಿಜವಾಗಿಯೂ ಸಹಾಯವಿದೆ. ಆದರೆ ಪರೀಕ್ಷೆಯ ಕೆಲಸವನ್ನು ಊಟ ಮಾಡುವುದಿಲ್ಲ, ಚಿಕಿತ್ಸೆಯ ಕೆಲಸವನ್ನೂ ಮಾಡುವುದಿಲ್ಲ. ಇದನ್ನು ಅರಿತು ತಿಂದವರಿಗೆ ಊಟ ನೆರವಾಗುತ್ತದೆ. ಅರಿಯದೆ ತಿನ್ನುತ್ತಾ ಕೂತವರ ವರ್ಷಗಳು ಸುಮ್ಮನೆ ಕಳೆದುಹೋಗುತ್ತವೆ.

ಮೊದಲು ದೇಹದ ಲೆಕ್ಕ ನೋಡೋಣ. ವೃಷಣದಲ್ಲಿ ಒಂದು ವೀರ್ಯಾಣು ಮೊದಲ ಕೋಶದಿಂದ ಆರಂಭಿಸಿ ಬಾಲ ಮೂಡಿ ತಯಾರಾಗುವುದಕ್ಕೆ ಸುಮಾರು 74 ದಿನ ಬೇಕು. ಅಲ್ಲಿಂದ ಹೊರಟು ಪಕ್ಕದ ಸುರುಳಿ ನಾಳದಲ್ಲಿ ಈಜುವ ಶಕ್ತಿ ಪಡೆಯಲು ಇನ್ನೂ ಒಂದೆರಡು ವಾರ. ಒಟ್ಟಿನಲ್ಲಿ ಸುಮಾರು ಮೂರು ತಿಂಗಳು. ರಾಗಿ ಬಿತ್ತಿದವರು ಮರುವಾರ ಕುಡುಗೋಲು ಹಿಡಿದು ಹೊಲಕ್ಕೆ ಹೋಗುವುದಿಲ್ಲ. ಇಲ್ಲಿಯೂ ಹಾಗೆಯೇ. ಇವತ್ತು ಬಿಟ್ಟ ಸಿಗರೇಟು, ಇವತ್ತು ಶುರು ಮಾಡಿದ ಒಳ್ಳೆಯ ಊಟ ರಿಪೋರ್ಟಿನಲ್ಲಿ ಕಾಣಬೇಕಾದರೆ ಮೂರು ತಿಂಗಳು ಬೇಕೇ ಬೇಕು. ಹದಿನೈದು ದಿನದಲ್ಲಿ ಕೌಂಟ್ ದುಪ್ಪಟ್ಟು ಮಾಡುತ್ತೇವೆಂದು ಯಾರಾದರೂ ಮಾತು ಕೊಟ್ಟರೆ ಅವರು ದೇಹದ ಲೆಕ್ಕವನ್ನೇ ಅರಿಯದವರು, ಇಲ್ಲವೇ ನಿಮ್ಮ ಅವಸರವನ್ನು ಚೆನ್ನಾಗಿ ಅರಿತವರು.

ಊಟಕ್ಕೂ ಗಂಡಸುತನಕ್ಕೂ ಇರುವ ನಂಟನ್ನು ವಿಜ್ಞಾನ ಕಂಡುಕೊಂಡ ದಾರಿ ನಮಗೆ ಹತ್ತಿರದ್ದು. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ ಕೆಲಸ ಮಾಡುತ್ತಿದ್ದಾಗ 21 ವರ್ಷದ ಯುವಕನೊಬ್ಬನನ್ನು ಕಂಡರು. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಮೀಸೆ ಮೂಡಿರಲಿಲ್ಲ, ಜನನಾಂಗ ಬೆಳೆದಿರಲಿಲ್ಲ. ಅವನ ಆಹಾರ ಬಹುಪಾಲು ಹುಳಿ ಬರಿಸದ ಗೋಧಿ ರೊಟ್ಟಿ, ಅದರ ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಅಂಥವರು ಆ ಸೀಮೆಯಲ್ಲಿ ಇನ್ನೂ ಹಲವರಿದ್ದರು. ಕಬ್ಬಿಣದ ಕೊರತೆಯ ಜೊತೆಗೆ ಸತುವಿನ, ಅಂದರೆ ಜಿಂಕ್‌ನ, ಕೊರತೆಯೂ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಮುಂದೆ ಈಜಿಪ್ಟಿನಲ್ಲಿ ಅಂಥ ಯುವಕರಿಗೆ ಸತು ಕೊಟ್ಟಾಗ ಅವರು ಎತ್ತರ ಬೆಳೆದರು, ಪ್ರಾಯಕ್ಕೆ ಬಂದರು. ಮನುಷ್ಯರಿಗೆ ಸತುವಿನ ಕೊರತೆಯಾಗುವುದೇ ಇಲ್ಲವೆಂದು ವೈದ್ಯರು ನಂಬಿದ್ದ ಕಾಲ ಅದು. ಪ್ರಸಾದ್ ಅವರ ತಂಡವೇ 1996ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಬೆರಳೆಣಿಕೆಯಷ್ಟು ಆರೋಗ್ಯವಂತ ಯುವಕರಿಗೆ 20 ವಾರ ಸತು ಕಡಿಮೆಯಿರುವ ಊಟ ಕೊಟ್ಟಾಗ ಅವರ ಗಂಡು ಹಾರ್ಮೋನಾದ ಟೆಸ್ಟೊಸ್ಟಿರೋನ್ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಿತು.

ಇರಾನಿನ ಆ ರೊಟ್ಟಿಯಲ್ಲಿ ಸತು ಇರಲಿಲ್ಲವೆಂದಲ್ಲ. ಕಾಳು, ಧಾನ್ಯಗಳ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡಿತ್ತು. ನಮ್ಮ ಊಟವೂ ಧಾನ್ಯ, ಬೇಳೆಗಳ ಊಟವೇ. ಅದಕ್ಕಾಗಿಯೇ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಭಾರತದ ಗಂಡಸಿಗೆ ದಿನಕ್ಕೆ 17 ಮಿಲಿಗ್ರಾಂ ಸತು ಬೇಕೆಂದು ನಿಗದಿ ಮಾಡಿದವು. ಅಮೆರಿಕದಲ್ಲಿ ಆ ಲೆಕ್ಕ 11 ಮಿಲಿಗ್ರಾಂ. ಫೈಟೇಟಿನ ಹಿಡಿತ ಸಡಿಲಿಸುವ ವಿದ್ಯೆ ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು. ಕಾಳು ನೆನೆಸಿ ಮೊಳಕೆ ಕಟ್ಟುವುದು, ಹಿಟ್ಟು ರುಬ್ಬಿ ರಾತ್ರಿಯಿಡೀ ಹುಳಿ ಬರಿಸುವುದು, ಅಂಬಲಿ ಹುಳಿಯಾಗಲು ಬಿಡುವುದು, ರಾಗಿಗೆ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡುವುದು, ಈ ಎಲ್ಲದರಿಂದ ಫೈಟೇಟ್ ಕಡಿಮೆಯಾಗುತ್ತದೆ. ಮೊಳಕೆ ಹುರುಳಿಯ ಸಾರು, ಹೆಸರುಕಾಳಿನ ಉಸಲಿ, ಚೆನ್ನಾಗಿ ಹುಳಿ ಬಂದ ಹಿಟ್ಟಿನ ಇಡ್ಲಿ, ದೋಸೆ ಇವನ್ನೆಲ್ಲ ಬಡವರ ಊಟವೆಂದು ಬದಿಗೆ ಸರಿಸಿ ಮೈದಾದ ಪರೋಟ, ಪಾಕೆಟ್ ನೂಡಲ್ಸ್ ಹಿಡಿದಿರುವವರು ದಯವಿಟ್ಟು ಹಿಂದಕ್ಕೆ ಬನ್ನಿ. ಎಳ್ಳು, ಕುಂಬಳ ಬೀಜ, ಕಡಲೆ, ಮೊಟ್ಟೆ, ಮಾಂಸ, ಕರಾವಳಿಯವರಿಗಾದರೆ ಮರುವಾಯಿ, ಏಡಿ, ಇವೆಲ್ಲದರಲ್ಲೂ ಸತು ಇದೆ.

ಸತುವಿನಾಚೆಗೂ ಊಟದ ಮೇಲೆ ಒಳ್ಳೆಯ ಪ್ರಯೋಗಗಳು ನಡೆದಿವೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 117 ಆರೋಗ್ಯವಂತ ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ದಿನಕ್ಕೆ 75 ಗ್ರಾಂ ಆಕ್ರೋಟು ಕೊಟ್ಟರು. ಆ ಗುಂಪಿನಲ್ಲಿ ವೀರ್ಯಾಣುಗಳ ಜೀವಂತಿಕೆ, ಚಲನೆ, ಆಕಾರ ಸುಧಾರಿಸಿತು ಎಂದು 2012ರಲ್ಲಿ ವರದಿಯಾಯಿತು. ಸ್ಪೇನಿನಲ್ಲಿ 119 ಯುವಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 14 ವಾರ ದಿನಕ್ಕೆ 60 ಗ್ರಾಂ ಆಕ್ರೋಟು, ಬಾದಾಮಿ, ಹೇಜಲ್‌ನಟ್ ತಿಂದವರಲ್ಲಿ ಸಂಖ್ಯೆಯೂ ಚಲನೆಯೂ ಹೆಚ್ಚಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 60 ಜನರಿಗೆ ಟೊಮೆಟೊದ ಕೆಂಪು ಬಣ್ಣವಾದ ಲೈಕೋಪೀನ್ ಅನ್ನು ಮಾತ್ರೆಯ ರೂಪದಲ್ಲಿ 12 ವಾರ ಕೊಟ್ಟಾಗ ವೇಗವಾಗಿ ಈಜುವ, ಸರಿಯಾದ ಆಕಾರದ ವೀರ್ಯಾಣುಗಳ ಪ್ರಮಾಣ ಹೆಚ್ಚಿತ್ತು. ಇವೆಲ್ಲ ಸಂತೋಷದ ಸುದ್ದಿಗಳೇ. ಒಂದು ವಿಷಯ ಮಾತ್ರ ಮರೆಯಬೇಡಿ. ಈ ಮೂರೂ ಕಡೆ ಭಾಗವಹಿಸಿದವರು ಆರೋಗ್ಯವಂತ ಗಂಡಸರು, ಮಕ್ಕಳಾಗದ ತೊಂದರೆಯಿಂದ ಆಸ್ಪತ್ರೆಗೆ ಬಂದವರಲ್ಲ. ಅಳೆದದ್ದು ವೀರ್ಯಾಣುವನ್ನು, ಹುಟ್ಟಿದ ಮಕ್ಕಳನ್ನಲ್ಲ.

ಆಕ್ರೋಟು, ಬಾದಾಮಿಯ ಬೆಲೆ ಕೇಳಿ ಹೆದರಬೇಕಾಗಿಲ್ಲ. ಆಕ್ರೋಟಿನ ಹೆಗ್ಗಳಿಕೆಯಾದ ಒಮೆಗಾ-3 ಕೊಬ್ಬು ನಮ್ಮ ಅಗಸೆಯಲ್ಲಿ ತೂಕಕ್ಕೆ ತೂಕ ಆಕ್ರೋಟಿಗಿಂತ ಹೆಚ್ಚಿದೆ. ಧಾರವಾಡ, ಗದಗದ ಕಡೆ ರೊಟ್ಟಿಯ ಜೊತೆ ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಇಲ್ಲದ ಊಟವೇ ಇಲ್ಲ. ಶೇಂಗಾದಲ್ಲಿ ವಿಟಮಿನ್ ಇ ಇದೆ, ಸತುವೂ ಇದೆ. ಕರಾವಳಿಯ ಬೂತಾಯಿ, ಬಂಗುಡೆಯಲ್ಲಿ ಇನ್ನೂ ಮೇಲಾದ, ದೇಹ ನೇರವಾಗಿ ಬಳಸಿಕೊಳ್ಳುವ ಒಮೆಗಾ-3 ಸಿಗುತ್ತದೆ. ವೀರ್ಯಾಣುವಿನ ಹೊರಪೊರೆಯಲ್ಲಿ ಈ ಬಗೆಯ ಕೊಬ್ಬು ಹೇರಳವಾಗಿದೆ. ಟೊಮೆಟೊ ಹಸಿಯಾಗಿರುವುದಕ್ಕಿಂತ ಎಣ್ಣೆಯಲ್ಲಿ ಬೆಂದಾಗ ಅದರ ಲೈಕೋಪೀನ್ ದೇಹಕ್ಕೆ ಚೆನ್ನಾಗಿ ಒಗ್ಗುತ್ತದೆ, ಹಾಗಾಗಿ ಒಗ್ಗರಣೆ ಹಾಕಿದ ಗೊಜ್ಜು ಸಾಕು. ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು, ಮೊಸರು, ಕಾಳು, ವಾರಕ್ಕೆರಡು ಸಲ ಮೀನು ಇಲ್ಲವೇ ದಿನಾ ಒಂದು ಚಮಚ ಅಗಸೆ ಪುಡಿ, ಒಂದು ಹಿಡಿ ಶೇಂಗಾ: ಇದರಲ್ಲಿ ಹೊಸದೇನೂ ಇಲ್ಲ, ದುಬಾರಿಯದೂ ಇಲ್ಲ. ಇದು ನಿಮ್ಮ ಹೃದಯಕ್ಕೂ ಸಕ್ಕರೆ ಕಾಯಿಲೆ ದೂರವಿಡಲಿಕ್ಕೂ ಬೇಕಾದ ಊಟವೇ. ಬೊಜ್ಜು, ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ ಎರಡೂ ವೀರ್ಯವನ್ನು ಕೆಡಿಸುತ್ತವೆ. ಇನ್ನೊಂದು ಮಾತು. ಈ ಊಟ ಸಿದ್ಧಪಡಿಸುವ ಹೊಣೆಯನ್ನು ಕೂಡ ಹೆಂಡತಿಯ ತಲೆಗೇ ಕಟ್ಟಬೇಡಿ. ರಾತ್ರಿ ಕಾಳು ನೆನೆಹಾಕುವುದು ನಿಮ್ಮ ಕೈಯಲ್ಲೂ ಆಗುವ ಕೆಲಸ.

ಊಟದಲ್ಲಿ ಸಿಗುವುದನ್ನೇ ಮಾತ್ರೆಯಲ್ಲಿ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಈ ಪ್ರಶ್ನೆಗೆ ಅಮೆರಿಕದ ಒಂದು ದೊಡ್ಡ ಪ್ರಯೋಗ 2020ರಲ್ಲಿ ಉತ್ತರ ಕೊಟ್ಟಿತು. ಚಿಕಿತ್ಸೆಗೆ ಬಂದಿದ್ದ 2370 ದಂಪತಿಗಳಲ್ಲಿ ಅರ್ಧದಷ್ಟು ಗಂಡಸರಿಗೆ ಆರು ತಿಂಗಳು ಪ್ರತಿದಿನ 30 ಮಿಲಿಗ್ರಾಂ ಸತು, 5 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಮಗು ಹುಟ್ಟಿದ್ದು ಮೊದಲ ಗುಂಪಿನಲ್ಲಿ ಶೇ. 34, ಎರಡನೆಯದರಲ್ಲಿ ಶೇ. 35. ವೀರ್ಯಾಣುವಿನ ಸಂಖ್ಯೆ, ಚಲನೆಯಲ್ಲೂ ಲಾಭ ಕಾಣಲಿಲ್ಲ. ಬದಲಿಗೆ ಮಾತ್ರೆ ನುಂಗಿದವರಲ್ಲಿ ವೀರ್ಯಾಣುವಿನ ಡಿಎನ್‌ಎ ತುಂಡಾಗುವುದು ತುಸು ಹೆಚ್ಚೇ ಇತ್ತು, ಹೊಟ್ಟೆ ನೋವು, ವಾಂತಿಯ ದೂರುಗಳೂ ಹೆಚ್ಚಿದ್ದವು. ಈಜಿಪ್ಟಿನ ಆ ಯುವಕರಿಗೆ ಕೊರತೆಯಿತ್ತು, ಆ ಕೊರತೆ ತುಂಬಿದಾಗ ಗುಣವಾಯಿತು. ಕೊರತೆಯೇ ಇಲ್ಲದವರು ಮೇಲೆ ಮೇಲೆ ತುಂಬಿಕೊಂಡರೆ ಲಾಭವಿಲ್ಲ. ನಿಮಗೆ ಕೊರತೆ ಇದೆಯೋ ಇಲ್ಲವೋ ಎಂಬುದನ್ನು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ತೀರ್ಮಾನಿಸಲು ಆಗುವುದಿಲ್ಲ.

ಇನ್ನು ನಮ್ಮ ಆಯುರ್ವೇದ. ಅದರ ಎಂಟು ಅಂಗಗಳಲ್ಲಿ ಸಂತಾನ, ಲೈಂಗಿಕ ಶಕ್ತಿಗೆ ಸಂಬಂಧಿಸಿದ ವಾಜೀಕರಣವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಎರಡನೆಯ ಅಧ್ಯಾಯವೇ ಅದಕ್ಕೆ ಮೀಸಲು. ಉದ್ದು, ಹಾಲು, ತುಪ್ಪದ ಪಾಕಗಳು ಅಲ್ಲಿವೆ. ಆ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ಅಶ್ವಗಂಧದ ಮೇಲೆ ಆಧುನಿಕ ಪ್ರಯೋಗಗಳೂ ನಡೆದಿವೆ. ನಮ್ಮ ದೇಶದಲ್ಲೇ ಕೌಂಟ್ ಕಡಿಮೆಯಿದ್ದ 46 ಗಂಡಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 90 ದಿನ ಅಶ್ವಗಂಧ ಬೇರಿನ ಸಾರ ತೆಗೆದುಕೊಂಡವರ ಕೌಂಟ್ ಎರಡೂವರೆ ಪಟ್ಟಿಗೂ ಹೆಚ್ಚಾಯಿತು. ಜಾಹೀರಾತುಗಳು ಈ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತವೆ, ಬರೀ 46 ಜನರೆಂಬುದನ್ನು ಹೇಳುವುದಿಲ್ಲ. ಮೇಲೆ ಹೇಳಿದ 2370 ದಂಪತಿಗಳ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿದರೆ ಇದು ಭರವಸೆಯ ಮೊದಲ ಹೆಜ್ಜೆಯಷ್ಟೇ. ಅಶ್ವಗಂಧ ತೆಗೆದುಕೊಂಡ 5 ಜನರಿಗೆ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಬಂದದ್ದನ್ನು ಐಸ್‌ಲ್ಯಾಂಡ್, ಅಮೆರಿಕದ ವೈದ್ಯರು 2020ರಲ್ಲಿ ವರದಿ ಮಾಡಿದ್ದಾರೆ. ನಾಡಿ ನೋಡಿ, ನಿಮ್ಮ ಥೈರಾಯ್ಡ್, ಯಕೃತ್ತು, ಬೇರೆ ಔಷಧಗಳನ್ನೆಲ್ಲ ವಿಚಾರಿಸಿ ಕೊಡುವ, ಓದಿದ ಆಯುರ್ವೇದ ವೈದ್ಯರ ಬಳಿ ಹೋಗುವುದು ಬೇರೆ. ಆನ್‌ಲೈನಿನಲ್ಲಿ ಡಬ್ಬಿ ತರಿಸಿ ಎರಡು ಚಮಚ ಹಾಲಿಗೆ ಕಲಸಿ ಕುಡಿಯುವುದು ಬೇರೆ.

ರಸ್ತೆ ಬದಿಯ ಟೆಂಟಿನಲ್ಲಿ ಬೇರು, ಭಸ್ಮ ಹರಡಿಕೊಂಡು ಕೂತವರು, ಬಸ್ ನಿಲ್ದಾಣದ ಗೋಡೆಗೆ ಫೋನ್ ನಂಬರು ಅಂಟಿಸಿದವರು ನಿಮ್ಮ ನಾಚಿಕೆಯ ಮೇಲೆಯೇ ಅಂಗಡಿ ಇಟ್ಟವರು. ನೀವು ಯಾರಿಗೂ ಹೇಳಿಕೊಳ್ಳುವುದಿಲ್ಲವೆಂದು ಅವರಿಗೆ ಗೊತ್ತು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು ನಮ್ಮ ದೇಶದ ಕಾನೂನು 1954ರಲ್ಲೇ ನಿಷೇಧಿಸಿದೆ. ಅಂತರ್ಜಾಲದಲ್ಲಿ ಮಾರಾಟಕ್ಕಿದ್ದ 193 ಆಯುರ್ವೇದದ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದ ಅಮೆರಿಕದ ವೈದ್ಯರು, ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2008ರಲ್ಲಿ ಪ್ರಕಟಿಸಿದರು. ಸೀಸ ವೀರ್ಯಾಣುವಿಗೆ ವಿಷ. ಮಗುವಾಗಲೆಂದು ನುಂಗುವ ಪುಡಿಯೇ ಮಗುವಾಗದಂತೆ ಮಾಡಬಹುದು.

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಯನ್ನೂ ಬಿಡಿ. 1950ರ ದಶಕದಲ್ಲಿ ಚೀನಾದ ಕೆಲವು ಹಳ್ಳಿಗಳಲ್ಲಿ ಮಕ್ಕಳು ಹುಟ್ಟುವುದೇ ನಿಂತಂತಾಯಿತು. ಕಾರಣ ಹುಡುಕುತ್ತಾ ಹೋದವರು ತಲುಪಿದ್ದು ಅಡುಗೆಮನೆಗೆ. ಆ ಜನ ಶುದ್ಧೀಕರಿಸದ ಹತ್ತಿಬೀಜದ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದರು. ಅದರಲ್ಲಿರುವ ಗಾಸಿಪೋಲ್ ಎಂಬ ವಸ್ತು ವೀರ್ಯಾಣು ಹುಟ್ಟುವುದನ್ನೇ ತಡೆಯುತ್ತದೆ. 1970ರ ದಶಕದಲ್ಲಿ ಚೀನಾ ಅದನ್ನು ಗಂಡಸರ ಗರ್ಭನಿರೋಧಕ ಮಾತ್ರೆಯಾಗಿ 8000ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗಿಸಿ ನೋಡಿತು. ಕೆಲವರಿಗೆ ರಕ್ತದ ಪೊಟ್ಯಾಶಿಯಂ ಕುಸಿಯಿತು, ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ವೀರ್ಯಾಣು ಮರಳಿ ಬರಲಿಲ್ಲ. ಕಾರ್ಖಾನೆಯಲ್ಲಿ ಶುದ್ಧೀಕರಿಸಿದ ಎಣ್ಣೆಯಿಂದ ಗಾಸಿಪೋಲ್ ಹೊರಹೋಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಹಾವೇರಿ, ರಾಯಚೂರಿನಂಥ ಹತ್ತಿ ಬೆಳೆಯುವ ಸೀಮೆಯಲ್ಲಿ, ಎಮ್ಮೆಗೆ ಹಾಕುವ ಹತ್ತಿಕಾಳಿನಿಂದ ಹಾಲು ಹೆಚ್ಚುತ್ತದೆ, ನಮಗೂ ಶಕ್ತಿ ಬರಬಹುದು ಎಂದು ಹಸಿ ಎಣ್ಣೆಯನ್ನೋ ಹಿಂಡಿಯನ್ನೋ ಪ್ರಯೋಗ ಮಾಡಬೇಡಿ.

ಹೊಲದಲ್ಲಿ ಔಷಧಿ ಹೊಡೆಯುವ ತಮ್ಮಂದಿರಿಗೆ ಒಂದು ಮಾತು. 1977ರಲ್ಲಿ ಕ್ಯಾಲಿಫೋರ್ನಿಯಾದ ಕೀಟನಾಶಕ ಕಾರ್ಖಾನೆಯೊಂದರ ಕಾರ್ಮಿಕರು ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವೆಂದು ಮಾತಾಡಿಕೊಂಡು, ತಾವೇ ಮುಂದಾಗಿ ಪರೀಕ್ಷೆ ಮಾಡಿಸಿಕೊಂಡರು. ಡಿಬಿಸಿಪಿ ಎಂಬ ರಾಸಾಯನಿಕ ಅವರ ವೀರ್ಯಾಣುಗಳನ್ನು ಅಳಿಸಿತ್ತು. ನಮ್ಮ ಪಕ್ಕದಲ್ಲೇ, ಕನ್ನಡ, ತುಳು ಮಾತಾಡುವ ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅಲ್ಲಿನ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು, ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಬರೆದರು. ಸುಪ್ರೀಂ ಕೋರ್ಟ್ 2011ರಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ದ್ರಾಕ್ಷಿ, ದಾಳಿಂಬೆ, ಮೆಣಸಿನಕಾಯಿ, ಶುಂಠಿಗೆ ಇಂದಿಗೂ ವಾರವಾರ ಸ್ಪ್ರೇ ಮಾಡುವ ನೀವು ಬರಿಗೈಯಲ್ಲಿ ಔಷಧಿ ಕಲಸಬೇಡಿ. ಮೈತುಂಬ ಬಟ್ಟೆ, ಕೈಗವಸು, ಮಾಸ್ಕ್ ಹಾಕಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಮನೆಯೊಳಗೆ ಹೋಗುವ ಮೊದಲೇ ಸ್ನಾನ ಮಾಡಿ. ಬೆವರಿನಲ್ಲಿ ನೆನೆದ ಚರ್ಮದ ಮೂಲಕವೇ ಅದು ಒಳಗಿಳಿಯುತ್ತದೆ.

ತಿನ್ನುವುದಕ್ಕಿಂತ ಬಿಡುವುದರಿಂದಲೇ ಕೆಲವರಿಗೆ ಹೆಚ್ಚಿನ ಲಾಭ. ಬೀಡಿ, ಸಿಗರೇಟು ವೀರ್ಯಾಣುವಿನ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತದೆ. ಸೇದುವುದಿಲ್ಲ, ಬರೀ ಗುಟ್ಕಾ ಹಾಕುತ್ತೇನೆ ಎನ್ನುವವರಿಗೂ ವಿನಾಯಿತಿಯಿಲ್ಲ. ಹೊಗೆಸೊಪ್ಪು ಜಗಿಯುವ ಭಾರತೀಯ ಗಂಡಸರಲ್ಲಿ ಜಗಿಯುವ ಪ್ರಮಾಣ ಏರಿದಂತೆ ವೀರ್ಯದ ಗುಣಮಟ್ಟ ಇಳಿಯುತ್ತಾ ಹೋಗುವುದನ್ನು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ವಾರವಿಡೀ ಕುಡಿಯುವ ಅಭ್ಯಾಸವೂ ಹೀಗೆಯೇ ಕೆಡುಕು. ಎಲ್ಲಕ್ಕಿಂತ ನನ್ನನ್ನು ಕಾಡುವುದು ಜಿಮ್‌ಗಳಲ್ಲಿ ಸಿಗುವ ಇಂಜೆಕ್ಷನ್. ಹೊರಗಿನಿಂದ ಟೆಸ್ಟೊಸ್ಟಿರೋನ್ ಬಂದೊಡನೆ ಮಿದುಳು ವೃಷಣಕ್ಕೆ ಕೊಡುವ ಅಪ್ಪಣೆಯನ್ನು ನಿಲ್ಲಿಸುತ್ತದೆ, ವೀರ್ಯಾಣು ತಯಾರಾಗುವುದು ನಿಂತೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಈ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ತೋಳು ದಪ್ಪವಾಗಲೆಂದು ಚುಚ್ಚಿಸಿಕೊಂಡವರು ಅಪ್ಪನಾಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ನೀವು ಚುಚ್ಚಿಸಿಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಅವರು ಕಾರಣ ಹುಡುಕುವ ದಾರಿಯೇ ಅದರಿಂದ ಬದಲಾಗುತ್ತದೆ.

ಪಪಾಯ ಉಷ್ಣ, ಹುರುಳಿ ಉಷ್ಣ, ಮೊಟ್ಟೆ ಉಷ್ಣ ಎಂದು ತಟ್ಟೆಯಿಂದ ಒಂದೊಂದನ್ನೇ ತೆಗೆಸುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ವೀರ್ಯಾಣುವಿಗೆ ತೊಂದರೆ ಕೊಡುವ ಬಿಸಿ ತಟ್ಟೆಯಿಂದ ಬರುವುದಲ್ಲ, ಹೊರಗಿನಿಂದ ಬರುವುದು. ವೃಷಣಗಳು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಬೇಕು, ಅವು ಹೊರಗೆ ಇರುವುದೇ ಅದಕ್ಕಾಗಿ. ಬೇಕರಿಯ ಒಲೆ, ಫೌಂಡ್ರಿಯ ಕುಲುಮೆಯ ಮುಂದೆ ನಿಂತು ದುಡಿಯುವವರು, ಗಂಟೆಗಟ್ಟಲೆ ಲಾರಿ, ಬಸ್ ಓಡಿಸುವವರು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರು ಆಗಾಗ ಎದ್ದು ಓಡಾಡಿ, ಸಡಿಲ ಹತ್ತಿಯ ಒಳಉಡುಪು ಹಾಕಿ.

ಈಗ ಈ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ಊಟ ಮುಟ್ಟಲಾಗದ ಕಾರಣಗಳೂ ಇವೆ. ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬುವ ವೆರಿಕೋಸೀಲ್ ಸಾಮಾನ್ಯ ಗಂಡಸರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದ್ದರೆ, ಮಕ್ಕಳಾಗದೆ ಬರುವ ಗಂಡಸರಲ್ಲಿ ಸುಮಾರು 40 ಮಂದಿಗೆ ಇರುತ್ತದೆ. ಅದಕ್ಕೆ ಬೇಕಾದಾಗ ಶಸ್ತ್ರಚಿಕಿತ್ಸೆ ಇದೆ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದರೆ, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಉಳಿದಿದ್ದರೆ, ನಾಳ ಮುಚ್ಚಿಹೋಗಿದ್ದರೆ, ಹಾರ್ಮೋನು ಏರುಪೇರಾಗಿದ್ದರೆ, ವೈ ಕ್ರೋಮೋಸೋಮಿನ ತುಣುಕು ಹುಟ್ಟಿನಿಂದಲೇ ಇಲ್ಲದಿದ್ದರೆ, ಯಾವ ಬಾದಾಮಿ ಹಾಲೂ ಅದನ್ನು ಸರಿಪಡಿಸುವುದಿಲ್ಲ. ಸುಮಾರು ನೂರರಲ್ಲಿ ಒಬ್ಬ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳೇ ಇರುವುದಿಲ್ಲ. ದಾಂಪತ್ಯ ಸುಖಕ್ಕೆ ಯಾವ ಕೊರತೆಯೂ ಇಲ್ಲದವರಲ್ಲೂ ಇದು ಇರಬಹುದು. ಆ ಶಕ್ತಿ ಬೇರೆ, ವೀರ್ಯಾಣುವಿನ ಲೆಕ್ಕ ಬೇರೆ. ಹಾಗಾಗಿ "ನನಗೇನೂ ತೊಂದರೆ ಇಲ್ಲ" ಎಂದು ಪರೀಕ್ಷೆ ಮಾಡಿಸದೆ ಹೇಳಲು ಯಾರಿಗೂ ಸಾಧ್ಯವಿಲ್ಲ.

ಆ ಪರೀಕ್ಷೆ ಎಷ್ಟು ಸರಳ ಎಂದರೆ, ಹೆಂಡತಿಗೆ ಮಾಡಿಸುವ ಯಾವ ಪರೀಕ್ಷೆಯೂ ಅಷ್ಟು ಸರಳವಲ್ಲ. ಸೂಜಿಯಿಲ್ಲ, ನೋವಿಲ್ಲ, ಖರ್ಚು ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಲ್ಯಾಬಿನಲ್ಲಿ ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲಿಸುವವು ಶೇ. 42, ಸರಿಯಾದ ಆಕಾರದವು ಶೇ. 4, ಇವು ಕೆಳಗಿನ ಗೆರೆಗಳು. ಒಂದು ವರ್ಷದೊಳಗೆ ಅಪ್ಪಂದಿರಾದವರನ್ನು ಅಳೆದು, ಅವರಲ್ಲಿ ಕೊನೆಯ ಶೇ. 5 ಮಂದಿಯನ್ನು ಬೇರ್ಪಡಿಸುವ ಗೆರೆಗಳಿವು. ಅಂದರೆ ಗೆರೆಯ ಕೆಳಗಿದ್ದೂ ಅಪ್ಪಂದಿರಾದವರಿದ್ದಾರೆ. ಅಂಕಿ ಕಡಿಮೆ ಬಂತೆಂದು ಎದೆಗುಂದಬೇಡಿ. ಜ್ವರ ಬಂದುಹೋಗಿದ್ದರೂ ಮೂರು ತಿಂಗಳವರೆಗೆ ಅಂಕಿ ಇಳಿದಿರಬಹುದು. ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ, ಆಮೇಲೆ ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಬಳಿ ಹೋಗಿ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸಿ ಗರ್ಭ ನಿಲ್ಲಿಸುವ ಇಕ್ಸಿ ವಿಧಾನವನ್ನು ಪ್ರಕಟಿಸಿದ ಮೇಲೆ, ತೀರಾ ಕಡಿಮೆ ಕೌಂಟ್ ಇದ್ದವರಿಗೂ ದಾರಿ ತೆರೆದಿದೆ. ಅಲ್ಲಿಯವರೆಗೆ ಹೋಗಬೇಕಾಗಿ ಬಂದರೆ ಇಂಥ ಚಿಕಿತ್ಸಾ ಕೇಂದ್ರಗಳಿಗಾಗಿ ಬಂದ 2021ರ ಕಾಯ್ದೆಯ ಪ್ರಕಾರ ನೋಂದಣಿಯಾದ ಕೇಂದ್ರವೇ ಎಂದು ನೋಡಿಕೊಳ್ಳಿ.

ಯಾವಾಗ ಹೋಗಬೇಕು? ಹೆಂಡತಿಯ ವಯಸ್ಸು 35ರ ಒಳಗಿದ್ದರೆ ಒಂದು ವರ್ಷ ಪ್ರಯತ್ನಿಸಿದ ಮೇಲೆ, 35 ದಾಟಿದ್ದರೆ ಆರೇ ತಿಂಗಳಿಗೆ. ನಿಮ್ಮಲ್ಲಿ ವೀರ್ಯಾಣು ದಿನಾ ಹೊಸದಾಗಿ ಹುಟ್ಟುತ್ತದೆ. ಅವಳಲ್ಲಿ ಅಂಡಾಣುಗಳು ಹುಟ್ಟುವಾಗಲೇ ಇದ್ದವು, ವರ್ಷ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತವೆ. ನೀವು ಒಂದು ಪುಡಿಯಿಂದ ಇನ್ನೊಂದು ಪುಡಿಗೆ, ಒಂದು ಲೇಹ್ಯದಿಂದ ಇನ್ನೊಂದು ಲೇಹ್ಯಕ್ಕೆ ಹೋಗುತ್ತಾ ಕಳೆಯುವ ಎರಡು ಮೂರು ವರ್ಷಗಳು ಅವಳ ಬದುಕಿನ ಮರಳಿ ಬಾರದ ವರ್ಷಗಳು. ನಾನು ಇಷ್ಟು ಒತ್ತಾಯದಿಂದ ಬರೆಯುತ್ತಿರುವುದು ಇದಕ್ಕಾಗಿಯೇ.

ಮನೆಯ ಹಿರಿಯರಿಗೆ ಏನು ಹೇಳುವುದೆಂದು ಸಂಕೋಚಪಡಬೇಡಿ. "ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದೇವೆ ಅಮ್ಮ, ಡಾಕ್ಟರು ಹೇಳಿದಂತೆ ಮಾಡುತ್ತೇವೆ" ಎಂಬ ಒಂದು ಮಾತು ನಿಮ್ಮ ಬಾಯಿಂದ ಬಂದರೆ ಸಾಕು, ಹೆಂಡತಿಯ ಮೇಲಿನ ಅರ್ಧ ಹೊರೆ ಇಳಿಯುತ್ತದೆ. ಕುಕ್ಕೆಗೆ ಹೋಗಿ ಬನ್ನಿ, ಅಶ್ವತ್ಥ ಕಟ್ಟೆಗೆ ಸುತ್ತು ಹಾಕಿ, ದರ್ಗಾಕ್ಕೆ ಹೋಗಿ, ಬೇಡ ಅನ್ನುವವಳು ನಾನಲ್ಲ. ಆ ದಾರಿಯಲ್ಲೂ ಇಬ್ಬರೂ ಜೊತೆಯಾಗಿ ನಡೆಯಿರಿ, ಆಸ್ಪತ್ರೆಯ ದಾರಿಯಲ್ಲೂ ಜೊತೆಯಾಗಿ ನಡೆಯಿರಿ.

ಹಾಗಾದರೆ ಮಾಡಬೇಕಾದ್ದು ಇಷ್ಟು. ಮೇಲೆ ಹೇಳಿದ ಅವಧಿ ದಾಟಿದ್ದರೆ ಈ ವಾರವೇ ವೀರ್ಯ ಪರೀಕ್ಷೆ ಮಾಡಿಸಿ. ಇವತ್ತಿನಿಂದ ಹೊಗೆಸೊಪ್ಪು, ಹೆಂಡ ಬಿಡಿ, ಮೊಳಕೆ ಕಾಳು, ಸೊಪ್ಪು, ಶೇಂಗಾ, ಅಗಸೆ, ಮೀನು ತಟ್ಟೆಗೆ ಬರಲಿ. ಡಾಕ್ಟರು ಬೇಡ ಅನ್ನದಿದ್ದರೆ ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಮನೆಯಲ್ಲಿರುವ ಹೆಸರಿಲ್ಲದ, ಕಂಪನಿಯಿಲ್ಲದ ಪುಡಿಗಳನ್ನು ನಿಲ್ಲಿಸಿ. ಉಳಿದ ಔಷಧಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ರಿಪೋರ್ಟು ಏನೇ ಹೇಳಲಿ, ಅದನ್ನು ಒಬ್ಬರೇ ಜೇಬಿನಲ್ಲಿಟ್ಟುಕೊಂಡು ತಿರುಗಬೇಡಿ, ಮೊದಲು ಹೆಂಡತಿಗೆ ತೋರಿಸಿ. ಈ ದಾರಿಯಲ್ಲಿ ನಿಮಗಿಂತ ಹಿಂದೆ ನಿಂತಿರುವ ತಮ್ಮನೋ ಗೆಳೆಯನೋ ಕಂಡರೆ, ನಾಚಿಕೆ ಬಿಟ್ಟು ಅವನಿಗೂ ಇದನ್ನು ಹೇಳಿ. ಗಂಡಸರು ಗಂಡಸರಿಗೆ ಹೇಳಲು ಶುರುಮಾಡಿದ ದಿನ ಗೋಡೆಯ ಮೇಲಿನ ಆ ಫೋನ್ ನಂಬರುಗಳಿಗೆ ಗಿರಾಕಿಗಳು ಸಿಗುವುದಿಲ್ಲ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ಇಂತಿ,
ನಿಮ್ಮ ಹಿತ ಬಯಸುವ ಅಕ್ಕ